ದಸರೆಯಿಂದ ಸಂಕ್ರಾಂತಿವರೆಗೆ: ಮೈಗೆ ಯಾವ ಎಣ್ಣೆ, ಆಮೇಲೆ ಯಾವ ಪುಡಿ

ಮೈಸೂರು, ಮಂಡ್ಯದ ಕಡೆ ಮೈ ಒಡೆಯುವುದು ದಸರೆಯಲ್ಲಲ್ಲ. ಅಕ್ಟೋಬರಿನಲ್ಲಿ ಇನ್ನೂ ಮಳೆ ಇರುತ್ತದೆ, ಗಾಳಿಯಲ್ಲಿ ತೇವವೂ ಇರುತ್ತದೆ. ಮಳೆ ನಿಂತು ಮೂಡಣ ಗಾಳಿ ಶುರುವಾಗಿ, ರಾತ್ರಿ ಉಷ್ಣಾಂಶ 16–17 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ನೋಡಿ: ಮೊಣಕಾಲ ಕೆಳಗೆ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳತೊಡಗುತ್ತದೆ. ಎಣ್ಣೆಸ್ನಾನದ ಸಡಗರ ಮಾತ್ರ ಅದಕ್ಕೂ ಮುಂಚೆಯೇ, ನರಕ ಚತುರ್ದಶಿಗೇ ಮುಗಿದಿರುತ್ತದೆ. ಹಬ್ಬದ ದಿನ ಮೈತುಂಬ ಎಣ್ಣೆ, ಬೇಕಾಗುವ ಹೊತ್ತಿಗೆ ಏನೂ ಇಲ್ಲ ಎನ್ನುವಂತಾಗುತ್ತದೆ.

ಇಲ್ಲಿ ಹೋಲಿಸಿರುವುದು ಮೂರು ಎಣ್ಣೆ, ಅವನ್ನು ತೊಳೆಯುವ ನಾಲ್ಕು ವಸ್ತು, ಸ್ನಾನದ ನಂತರ ಹಚ್ಚುವ ಮೂರು. ಒಂದು ಕಾಲಿಗೆ ಒಂದು, ಇನ್ನೊಂದು ಕಾಲಿಗೆ ಇನ್ನೊಂದು. ನೀರು, ಹೊತ್ತು, ಟವೆಲ್ಲು ಎರಡಕ್ಕೂ ಒಂದೇ. ಸಂಜೆ ಉಗುರಿನ ಗೆರೆ ಯಾವ ಕಾಲಿನ ಮೇಲೆ ಎದ್ದು ಕಂಡಿತು ಎನ್ನುವುದೇ ಪರೀಕ್ಷೆ. ತೀರ್ಪು ಮೊದಲೇ ಹೇಳಿಬಿಡಬಹುದು: ಎಣ್ಣೆ ಎಣ್ಣೆಗೂ ಇರುವ ಅಂತರ ಸಣ್ಣದು, ಅದನ್ನು ಯಾವುದರಿಂದ ತೆಗೆದಿರಿ ಎನ್ನುವುದರ ಅಂತರ ದೊಡ್ಡದು.

ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಾಟಲಿ ಕಲ್ಲಾಗಿರುವುದು ಕಲಬೆರಕೆಯ ಗುರುತಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟು ಚಮಚದಲ್ಲಿ ತೆಗೆದು ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಬಾಟಲಿಯನ್ನೇ ಒಲೆಯ ಪಕ್ಕ ಇಡಬೇಕಿಲ್ಲ. ಮೂರರಲ್ಲಿ ಬೇಗ ಹರಡುವುದೂ, ವಾಸನೆ ಕಡಿಮೆ ಇರುವುದೂ ಇದೇ. ಕೈಕಾಲಿನ ಒಣಚರ್ಮಕ್ಕೆ ಚೆನ್ನಾಗಿ ಕೂರುತ್ತದೆ. ಮುಖಕ್ಕೆ ಬೇಡ. ಮೊಡವೆ ಏಳುವ ಪ್ರಾಯದವರಿಗಂತೂ ಹಣೆ, ಕೆನ್ನೆಯ ರಂಧ್ರ ಮುಚ್ಚಿಕೊಂಡು ಇನ್ನಷ್ಟು ಏಳುತ್ತವೆ. ಹಾಗೆಯೇ ತಲೆಹೊಟ್ಟು ಇರುವವರು ಯಾವ ಎಣ್ಣೆಯನ್ನೇ ಆಗಲಿ ರಾತ್ರಿಯಿಡೀ ತಲೆಯಲ್ಲಿ ಬಿಡಬಾರದು. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಎಣ್ಣೆಯ ಕೊಬ್ಬಿನಾಮ್ಲವನ್ನೇ ತಿಂದು ಬೆಳೆಯುವಂಥದ್ದು. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿದರೆ ಸಾಕು.

ಎಳ್ಳೆಣ್ಣೆ ಚಳಿಯಲ್ಲೂ ನೀರಾಗಿಯೇ ಇರುತ್ತದೆ, ತಿಕ್ಕಲು ಸುಲಭ. ಇದರ ಕೊಬ್ಬಿನಲ್ಲಿ ಸುಮಾರು ಶೇ. 40ಕ್ಕೂ ಮೇಲ್ಪಟ್ಟು ಲಿನೋಲಿಕ್ ಆಮ್ಲ. ಚರ್ಮದ ಮೇಲ್ಪದರ ನೀರು ಬಿಡದಂತೆ ಹಿಡಿದಿಡಲು ಬೇಕಾದದ್ದೂ ಅದೇ. ಉಗುರಿನ ಪರೀಕ್ಷೆಯಲ್ಲಿ ಕೊಬ್ಬರಿ ಎಣ್ಣೆಗಿಂತ ಒಂದು ಕೂದಲೆಳೆ ಮುಂದೆ ನಿಂತಿತು, ಅಷ್ಟೆ. ತೊಂದರೆ ಎರಡು: ವಾಸನೆ, ಮತ್ತೆ ಬಟ್ಟೆಗೆ ಹತ್ತುವ ಹಳದಿ ಜಿಡ್ಡು. ಹಳೆ ಟವೆಲ್ಲು, ಹಳೆ ಪಂಚೆ ತೆಗೆದಿಟ್ಟುಕೊಳ್ಳಿ. ಗಾಣದಿಂದ ತರುವುದಾದರೆ ಅಡುಗೆಗೆ ಕೊಡುವ ಎಳ್ಳೆಣ್ಣೆಯನ್ನೇ ಕೇಳಿ ತನ್ನಿ. ಹಬ್ಬದ ಮುಂಚೆ ಅಂಗಡಿ ಮುಂದೆ ಜೋಡಿಸಿಟ್ಟಿರುವ ‘ದೀಪದ ಎಣ್ಣೆ’ ಬೇರೆಯದೇ ವಸ್ತು. ತಿನ್ನಲು ಯೋಗ್ಯವಲ್ಲ ಎಂದು ಅದರ ಮೇಲೇ ಬರೆದಿರುತ್ತದೆ, ಮೈಗೂ ಯೋಗ್ಯವಲ್ಲ.

ಹರಳೆಣ್ಣೆ ತಂಪು ಎಂದು ನೆತ್ತಿಗೆ ಹಾಕುವ ರೂಢಿ ಈ ಕಡೆ ಹಳೆಯದು. ನೆತ್ತಿಗೆ ಒಂದು ಚಮಚ ಸರಿ. ಇಡೀ ಮೈಗೆ ಹಚ್ಚಲು ಹೋದರೆ ಜೇನಿನ ಹಾಗೆ ಅಂಟುತ್ತದೆ, ತಿಕ್ಕಿದಷ್ಟೂ ಕೈ ಜಾರದೆ ರೋಮ ಎಳೆಯುತ್ತದೆ, ತೊಳೆಯಲು ಎರಡು ಪಟ್ಟು ಪುಡಿ ಬೇಕಾಗುತ್ತದೆ. ಆ ಹೆಚ್ಚುವರಿ ಪುಡಿಯೇ ಚರ್ಮ ಒಣಗಿಸುತ್ತದೆ. ಬೇಕೇ ಬೇಕು ಎನ್ನುವವರು ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಎಳ್ಳೆಣ್ಣೆ ಬೆರೆಸಿಕೊಳ್ಳಲಿ. ಉದ್ದ ಕೂದಲಿಗೆ ಹರಳೆಣ್ಣೆಯನ್ನು ಹಾಗೇ ಸುರಿದು ಗಂಟು ಹಾಕಿ ಮಲಗಿದರೆ ಬೆಳಗ್ಗೆ ಸಿಕ್ಕು ಬಿಡಿಸುವುದರೊಳಗೆ ಹಬ್ಬ ಮುಗಿದಿರುತ್ತದೆ.

ಅಳತೆ: ದೊಡ್ಡವರ ಮೈಗೆ 30–40 ಮಿ.ಲೀ., ತಲೆಗೆ 10–15 ಮಿ.ಲೀ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಒಲೆಯ ಮೇಲೆ ನೇರವಾಗಿ ಇಟ್ಟರೆ ಎಷ್ಟು ಕಾದಿದೆ ಎಂದು ತಿಳಿಯದೆ ಮೈ ಸುಟ್ಟುಕೊಳ್ಳುವುದುಂಟು. ಹಚ್ಚಿ 20–30 ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಚಳಿಯಲ್ಲಿ ಕೂತರೆ ಲಾಭವಿಲ್ಲ. ಹಸುಗೂಸುಗಳ ಮೂಗಿಗೆ, ಕಿವಿಗೆ ಎಣ್ಣೆಯ ಹನಿ ಬಿಡುವುದನ್ನು ಅಜ್ಜಿ ಹೇಳಿದರೂ ಬಿಟ್ಟುಬಿಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಎಣ್ಣೆ ಕಾಲಲ್ಲಿ ಬಚ್ಚಲಿಗೆ ನಡೆದು ಹೋಗುವಾಗ ವಯಸ್ಸಾದವರು ಜಾರುತ್ತಾರೆ, ಅಂಗಾಲಿಗೆ ಹಚ್ಚುವುದನ್ನು ಬಚ್ಚಲೊಳಗೆ ಮಣೆ ಮೇಲೆ ಕೂರಿಸಿದ ಮೇಲೆಯೇ ಇಟ್ಟುಕೊಳ್ಳಿ.

ತೊಳೆಯುವುದರಲ್ಲೇ ಇರುವುದು ಎಲ್ಲಾ

ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು, ಸೋಪು. ನಾಲ್ಕನ್ನೂ ಒಂದೇ ಎಣ್ಣೆಯ ಮೇಲೆ, ಉಗುರುಬೆಚ್ಚಗಿನ ನೀರಲ್ಲಿ ನೋಡಿದಾಗ ಸಿಕ್ಕಿದ್ದು ಹೀಗೆ.

ಜಿಡ್ಡು ತೆಗೆಯುವುದರಲ್ಲಿ ಸೀಗೆಗೆ ಸಾಟಿಯಿಲ್ಲ. ಅದರಲ್ಲಿರುವ ಸಪೋನಿನ್ ನೊರೆ ಬರಿಸುತ್ತದೆ, ಬೋರ್‌ವೆಲ್ಲಿನ ಗಡಸು ನೀರಲ್ಲೂ ಕೆಲಸ ಮಾಡುತ್ತದೆ. ತಲೆಗೆ ಇದೇ ಸರಿ. ಮೈಗೆ ಹಾಕಿದರೆ ಎರಡು ತೊಂದರೆ. ಒಂದು, ಪುಡಿ ತರಿತರಿಯಾಗಿದ್ದರೆ ಕಾಲಿನ ಒಣಚರ್ಮ ಗೀಚಿ ಸ್ನಾನ ಮುಗಿದ ಮೇಲೆ ಉರಿಯುತ್ತದೆ. ಇನ್ನೊಂದು, ಇರುವ ಎಣ್ಣೆಯನ್ನೆಲ್ಲ ಬಳಿದುಕೊಂಡು ಹೋಗುತ್ತದೆ, ಹಚ್ಚಿದ್ದೇ ವ್ಯರ್ಥ. ಕಣ್ಣಿಗೆ ಬಿದ್ದರೆ ಆಗುವ ಉರಿ ಗೊತ್ತಿರುವುದೇ. ಉಜ್ಜದೆ ತಣ್ಣೀರು ಎರಚುತ್ತಾ ಇರಬೇಕು.

ಮನೆಯಲ್ಲಿ ಮಾಡಿಸುವುದಾದರೆ ಅರ್ಧ ಕೆಜಿ ಸೀಗೆಕಾಯಿ, ಕಾಲು ಕೆಜಿ ಹೆಸರುಕಾಳು, 50 ಗ್ರಾಂ ಮೆಂತ್ಯ. ಗ್ರಂಥಿಗೆ ಅಂಗಡಿಯಲ್ಲಿ ಸೀಗೆ ಕೊಳ್ಳುವಾಗ ಕಾಯಿ ಮುರಿದು ನೋಡಿ: ಪಟ್ಟನೆ ಮುರಿಯಬೇಕು, ಬಾಗಿದರೆ ತೇವ ಇದೆ ಎಂದರ್ಥ, ಪುಡಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದ ಕೊನೆಯ ಬಿಸಿಲನ್ನು ನಂಬಿ ಅವಸರ ಮಾಡಬೇಡಿ, ಎರಡು ಮೂರು ಗಟ್ಟಿ ಬಿಸಿಲು ಬೇಕು. ಕೆಲವು ಹಿಟ್ಟಿನ ಗಿರಣಿಗಳಲ್ಲಿ ಸೀಗೆ ಹಾಕಲು ಒಪ್ಪುವುದಿಲ್ಲ. ಘಾಟಿಗೆ ಇಡೀ ಬೀದಿ ಸೀನುತ್ತದೆ ಎಂಬ ಅವರ ದೂರು ಸುಳ್ಳಲ್ಲ. ಬೀಸಿದ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕಲಸುವುದಕ್ಕೆ ನೀರಿನ ಬದಲು ತೆಳು ಅನ್ನದ ಗಂಜಿ ಬಳಸಿದರೆ ಪುಡಿ ಕೂದಲಲ್ಲಿ ಕಚ್ಚಿ ಕೂರುವುದಿಲ್ಲ. ಚಿಗರೆಪುಡಿ (ಚಿಗರೆ ಮರದ ಎಲೆಯ ಪುಡಿ) ಸಿಕ್ಕರೆ ಸೀಗೆಗೆ ಅರ್ಧದಷ್ಟು ಸೇರಿಸಿ, ಒರಟುತನ ಇಳಿಯುತ್ತದೆ.

ಮೈಗೆ ಗೆದ್ದದ್ದು ಹೆಸರುಹಿಟ್ಟು. ಕಡಲೆಹಿಟ್ಟಿಗಿಂತ ನಯ, ಅಷ್ಟು ಅಂಟಲ್ಲ, ತೊಳೆದ ಮೇಲೆ ಚರ್ಮದ ಮೇಲೆ ಎಣ್ಣೆಯ ತೆಳು ಪದರ ಉಳಿಸುತ್ತದೆ. ಬಳಸುವ ಕ್ರಮ ಬಹಳ ಜನ ತಪ್ಪುತ್ತಾರೆ: ಮೊದಲು ನೀರು ಹುಯ್ದುಕೊಂಡು ಆಮೇಲೆ ಹಿಟ್ಟು ತಿಕ್ಕುತ್ತಾರೆ. ಉಲ್ಟಾ ಮಾಡಬೇಕು. ಎಣ್ಣೆ ಮೈ ಒದ್ದೆಯಾಗುವ ಮುಂಚೆ ಒಣಹಿಟ್ಟನ್ನು, ದೊಡ್ಡವರಿಗೆ ಸುಮಾರು ನಾಲ್ಕೈದು ದೊಡ್ಡ ಚಮಚ, ಮೈಮೇಲೆ ಉದುರಿಸಿ ತಿಕ್ಕಿ. ಹಿಟ್ಟು ಎಣ್ಣೆ ಕುಡಿದು ಉಂಡೆಯಾಗಿ ಉದುರುತ್ತದೆ. ಅದಾದ ಮೇಲೆ ನೀರು. ಹಂಡೆಯ ಕುದಿನೀರನ್ನು ಬೆರಕೆ ಮಾಡದೆ ಹುಯ್ದರೆ ಹಿಟ್ಟು ಬೆಂದು ರೋಮಕ್ಕೆ ಅಂಟುತ್ತದೆ, ಕಡಲೆಹಿಟ್ಟಿನಲ್ಲಂತೂ ಇದು ಖಂಡಿತ. ಉದುರಿದ ಉಂಡೆಗಳನ್ನು ಬಚ್ಚಲ ತೂಬಿಗೆ ಬಿಡದೆ ಕೈಯಲ್ಲಿ ಬಾಚಿ ಕಸಕ್ಕೆ ಹಾಕಿ. ಎಣ್ಣೆ ಸೇರಿದ ಹಿಟ್ಟು ಪೈಪಿನೊಳಗೆ ಗಟ್ಟಿಯಾದರೆ ಹಬ್ಬದ ದಿನ ಪ್ಲಂಬರ್ ಸಿಗುವುದಿಲ್ಲ.

ಕಡಲೆಹಿಟ್ಟಿಗೆ ನಿಂಬೆರಸ ಹಿಂಡುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನಿಂಬೆರಸ ಹತ್ತಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಬೇಡ.

ಇನ್ನು ಸೋಪು. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ, ಅದರ ಬೆನ್ನಿಗೆ 1918ರಲ್ಲಿ ಬೆಂಗಳೂರಿನಲ್ಲಿ ಸೋಪು. ಹಬ್ಬಕ್ಕೆ ಗಂಧದ ಸೋಪಿಲ್ಲದ ಮನೆ ಈ ಊರಲ್ಲಿ ಕಡಿಮೆ. ಪೊಟ್ಟಣದ ಮೇಲೆ ಟಿಎಫ್‌ಎಂ ಎಂದು, ಅಂದರೆ ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟು ಎಂದು, ಬರೆದಿರುತ್ತದೆ; 76 ಅಥವಾ ಮೇಲಿದ್ದರೆ ಮೊದಲ ದರ್ಜೆ. ಅಂಥ ಸೋಪು ಬೇಗ ಕರಗದು, ಒಳಗೆ ತುಂಬಿದ ಬೇರೆ ಪುಡಿ ಕಡಿಮೆ. ಆದರೆ ಎಷ್ಟೇ ಒಳ್ಳೆಯ ಸೋಪಿನದೂ ಕ್ಷಾರ ಗುಣವೇ: ಪಿಎಚ್ 9–10ರ ಆಸುಪಾಸು, ನಮ್ಮ ಚರ್ಮದ್ದು ಸುಮಾರು 5. ಗಡಸು ನೀರಾದರೆ ಇನ್ನೂ ಕಷ್ಟ. ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿ ಚರ್ಮದ ಮೇಲೇ ಕೂರುತ್ತದೆ, ಒರೆಸಿಕೊಂಡ ಮೇಲೆ ಮೈ ಬಿಗಿದು ತುರಿಸುತ್ತದೆ. ಮೈಸೂರಿನ ಕಾವೇರಿ ನಲ್ಲಿ ನೀರಲ್ಲಿ ಹಿಡಿಸಿದ ಸೋಪು ಮಂಡ್ಯದ ಹಳ್ಳಿಯ ಬೋರ್‌ವೆಲ್ ನೀರಲ್ಲಿ ಆಗಿಬರದಿರುವುದಕ್ಕೆ ಇದೇ ಕಾರಣ, ತಪ್ಪು ಸೋಪಿನದಲ್ಲ. ಚಳಿ ಮುಗಿಯುವವರೆಗೆ ಸೋಪನ್ನು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೀಮಿತ ಮಾಡಿ. ಇಸುಬು ಇರುವವರು ಪರಿಮಳವಿರುವ ಯಾವ ಸೋಪಿನಿಂದಲೂ ದೂರ ಇದ್ದು, ಔಷಧಿ ಅಂಗಡಿಯಲ್ಲಿ ಸಿಗುವ ಸಿಂಡೆಟ್ ಬಾರ್ (ನೋಡಲು ಸೋಪಿನ ಹಾಗೇ ಇದ್ದರೂ ಬೇರೆ ತೊಳೆಯುವ ವಸ್ತುವಿನಿಂದ ಮಾಡಿದ ಬಿಲ್ಲೆ) ಬಳಸುವುದು ಒಳ್ಳೆಯದು. ಬೆಲೆ ಜಾಸ್ತಿ, ಆದರೆ ಗಡಸು ನೀರಲ್ಲಿ ಗಸಿ ಕಟ್ಟುವುದಿಲ್ಲ.

ಒರೆಸಿಕೊಂಡ ಮೇಲೆ

ಹಬ್ಬವಲ್ಲದ ದಿನಗಳಿಗೆ ಇದೇ ಮುಖ್ಯ. ಟವೆಲ್ಲಲ್ಲಿ ಒತ್ತಿ ಒರೆಸಿ, ಚರ್ಮ ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಯಾವುದೂ ಅರ್ಧ ಕೆಲಸ ಮಾತ್ರ ಮಾಡುತ್ತದೆ, ಹಿಡಿದಿಡಲು ಒಳಗೆ ನೀರೇ ಉಳಿದಿರುವುದಿಲ್ಲ.

ಪೆಟ್ರೋಲಿಯಂ ಜೆಲ್ಲಿ ಚರ್ಮದ ನೀರು ಆರದಂತೆ ತಡೆಯುವುದರಲ್ಲಿ ಮೂರು ಎಣ್ಣೆಗಿಂತಲೂ ಮುಂದು, ಅಗ್ಗವೂ ಹೌದು. ಬಟಾಣಿ ಗಾತ್ರದಷ್ಟು ಒಂದು ಮೊಣಕಾಲ ಕೆಳಗಿಗೆ ಸಾಕು. ಜಾಸ್ತಿಯಾದರೆ ಜಿಗುಟು, ಧೂಳು ಹಿಡಿಯುತ್ತದೆ. ತುಟಿಗೂ ಇದೇ. ತುಪ್ಪ, ಬೆಣ್ಣೆ ಮೆತ್ತಗೆ ಮಾಡುತ್ತವೆ, ಆದರೆ ನಾಲಿಗೆ ಅಲ್ಲಿಗೇ ಹೋಗಿ ತುಟಿ ಇನ್ನಷ್ಟು ಒಡೆಯುತ್ತದೆ.

ಗ್ಲಿಸರಿನ್ ನೀರು ಎಳೆಯುವ ವಸ್ತು. ಒಣಗಾಳಿಯಲ್ಲಿ ಹಾಗೇ ಹಚ್ಚಿದರೆ ಚರ್ಮದೊಳಗಿನ ನೀರನ್ನೇ ಎಳೆದುಕೊಂಡು ಬಿಗಿತ ಹೆಚ್ಚಿಸುತ್ತದೆ. ಒಂದು ಪಾಲಿಗೆ ಮೂರು ಪಾಲು ಪನ್ನೀರು ಬೆರೆಸಿ ಒದ್ದೆ ಕೈಗೆ ಹಚ್ಚಿ, ಮೇಲೆ ಎರಡು ಹನಿ ಎಳ್ಳೆಣ್ಣೆ ಸವರಿದರೆ ಸಂಜೆಯವರೆಗೂ ಗೆರೆ ಬೀಳಲಿಲ್ಲ. ಭತ್ತದ ಕೊಯ್ಲು, ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರ ಕೈಗೆ ಜೆಲ್ಲಿಗಿಂತ ಇದು ವಾಸಿ, ಕತ್ತಿಯ ಹಿಡಿ ಜಾರುವುದಿಲ್ಲ. ಕಬ್ಬಿನ ಸೋಗೆ ಗೀಚಿದ ಕಡೆ ಮಾತ್ರ ಉರಿಯುತ್ತದೆ. ಅಂಗಡಿಯ ಲೋಷನ್‌ಗಳ ವಿಚಾರ ಜಾಸ್ತಿ ಹೇಳುವುದಕ್ಕಿಲ್ಲ: ಮುಖಕ್ಕೆ, ಆಫೀಸಿಗೆ ಹೋಗುವ ಕೈಗೆ ಅನುಕೂಲ, ಮೊಣಕಾಲ ಕೆಳಗೆ ಮಧ್ಯಾಹ್ನಕ್ಕೇ ಸೋಲುತ್ತವೆ.

ಹಿಮ್ಮಡಿ ಒಡೆತಕ್ಕೆ ಎಣ್ಣೆ, ಮೇಣ ಎಲ್ಲಕ್ಕಿಂತ ಶೇ. 20–25 ಯೂರಿಯಾ ಇರುವ ಕ್ರೀಮು ಮುಂದು. ಅದು ದಪ್ಪ ಚರ್ಮವನ್ನೇ ಮೆದು ಮಾಡುತ್ತದೆ, ಎಣ್ಣೆ ಮೇಲೆ ಮಾತ್ರ ಕೂರುತ್ತದೆ. ರಕ್ತ ಬರುವ ಬಿರುಕಿಗೆ ಯೂರಿಯಾ ಚುರುಗುಟ್ಟುತ್ತದೆ. ಅಲ್ಲಿ ಕೂಡುವವರೆಗೆ ಜೆಲ್ಲಿ ಹಚ್ಚಿ, ಹತ್ತಿ ಕಾಲುಚೀಲ ಹಾಕಿ ಮಲಗುವುದು. ಸಕ್ಕರೆ ಕಾಯಿಲೆ ಇರುವವರು ಬ್ಲೇಡಿನಲ್ಲಿ ಹಿಮ್ಮಡಿ ಹೆರೆಯಬಾರದು. ಎಣ್ಣೆ, ಜೆಲ್ಲಿ ನೆಂದ ಹತ್ತಿ ಬಟ್ಟೆಯಲ್ಲಿ ದೀಪ, ಪಟಾಕಿ ಹತ್ತಿರ ಹೋಗಬೇಡಿ, ಬೇಗ ಹತ್ತಿಕೊಳ್ಳುತ್ತದೆ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು; ಎಣ್ಣೆ, ಟೂತ್‌ಪೇಸ್ಟ್ ಬೇಡ.

ಏನು ಹಚ್ಚಿದರೂ ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ತುರಿಸುತ್ತಿದ್ದರೆ ಒಣಚರ್ಮ ಎಂದುಕೊಳ್ಳುವ ಮುನ್ನ ಹೂವನ್ನು ಅನುಮಾನಿಸಿ. ಸೇವಂತಿಗೆ, ಚೆಂಡುಹೂವು ಎರಡೂ ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದವು. ಆ ಗಿಡದ ಅಲರ್ಜಿ ಇರುವವರಿಗೆ ಆಯುಧಪೂಜೆಗೆ ಮಾರು ಹಾಕಿ ಹೂ ಕಟ್ಟಿದ ಮಾರನೇ ದಿನ ಚರ್ಮ ಕೆಂಪಾಗಬಹುದು. ಅಂಥವರು ಕಟ್ಟುವುದನ್ನು ಬೇರೆಯವರಿಗೆ ಬಿಟ್ಟು, ತಮ್ಮ ಪಾಲಿಗೆ ಕನಕಾಂಬರ ಇಟ್ಟುಕೊಂಡರಾಯಿತು. ಅದು ಆ ಕುಟುಂಬದ್ದಲ್ಲ.