ಇಪ್ಪತ್ತು ವರ್ಷ ದಾಟಿದ 12 ಟನ್ ಹೈಡ್ರಾ: ಪೀಣ್ಯದಲ್ಲಿ ಇಟ್ಟುಕೊಂಡು ದುಡಿಸುತ್ತಿರುವವನ ವಿಮರ್ಶೆ

ಹೈಡ್ರಾ ಅಂದ್ರೆ ಮಾಲು ಎತ್ತಿಕೊಂಡೇ ಓಡಾಡೋ ಸಣ್ಣ ಕ್ರೇನು. ಮೊದಲೇ ಹೇಳಿಬಿಡ್ತೀನಿ: ಶೆಡ್ಡು, ಅಂಗಳದ ಕೆಲಸಕ್ಕೆ ಈ ಗಾಡಿಗೆ ಪೂರ್ತಿ ಅಂಕ. ರಸ್ತೆಗೂ ಕಟ್ಟಡದ ಸೈಟಿಗೂ ಪಾಸ್ ಮಾರ್ಕ್ಸ್ ಕೂಡ ಕೊಡಲ್ಲ.

2004ರ ಮಾಡೆಲ್, ನಾನು ತಗೊಂಡಾಗಲೇ ಸೆಕೆಂಡ್ ಹ್ಯಾಂಡ್. ನಮ್ಮದು ಫ್ಯಾಬ್ರಿಕೇಶನ್. ಪ್ಲೇಟು, ಚಾನಲ್ಲು, ಟ್ಯಾಂಕು ಎತ್ತೋದು. ಅಕ್ಕಪಕ್ಕದವರಿಗೆ ಮಿಷಿನ್ ಬಂದರೆ ಲಾರಿಯಿಂದ ಇಳಿಸಿ ಬಾಗಿಲವರೆಗೆ ತಲುಪಿಸೋದು. ದೊಡ್ಡ ಟ್ರಕ್ ಕ್ರೇನ್ ತರಿಸಿದರೆ ಪೀಣ್ಯದ ಒಳರಸ್ತೆಗಳಲ್ಲಿ ಔಟ್‌ರಿಗರ್, ಅಂದ್ರೆ ಪಕ್ಕದ ಆಸರೆ ಕಾಲು, ಚಾಚೋಕೆ ಜಾಗ ಎಲ್ಲಿದೆ? ಮಾಲು ಎತ್ತಿಕೊಂಡೇ ನಡೆಯೋ ಹೈಡ್ರಾನೇ ಬೇಕು.

ಹೊಸಬರು ಒಂದು ವಿಷಯ ತಿಳ್ಕೊಳ್ಳಿ. ಗಾಡಿ ಮೇಲೆ 12 ಟನ್ ಅಂತ ಬರೆದಿರೋದು ಬೂಮ್, ಅಂದ್ರೆ ಕ್ರೇನಿನ ಚಾಚೋ ತೋಳು, ಪೂರ್ತಿ ಒಳಗಿದ್ದು, ಭಾರ ಮುಂದಿನ ಟೈರಿಗೆ ಅಂಟಿಕೊಂಡಂತೆ ಇದ್ದಾಗಿನ ಲೆಕ್ಕ. ಬೂಮ್ ಚಾಚಿ ಮಲಗಿಸಿದರೆ ಅದು ಒಂದೆರಡು ಟನ್ನಿಗೆ ಇಳಿಯುತ್ತೆ. ಸ್ಟೇರಿಂಗ್ ತಿರುಗಿಸಿದರೆ ಇನ್ನೂ ಕಮ್ಮಿ, ಯಾಕಂದ್ರೆ ಈ ಗಾಡಿ ನಡು ಮುರಿದು ತಿರುಗುತ್ತೆ. ಹಿಂದಿನ ತೂಕ ಭಾರದ ನೇರಕ್ಕೆ ನಿಲ್ಲಲ್ಲ. ಹೈಡ್ರಾ ಪಲ್ಟಿ ಹೊಡೆಯೋದು ಎತ್ತುವಾಗ ಮಾತ್ರ ಅಲ್ಲ, ಎತ್ತಿಕೊಂಡು ತಿರುಗುವಾಗಲೂ. ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಅಂತ ಹೇಳೋ ಲೋಡ್ ಚಾರ್ಟ್ ಕ್ಯಾಬಿನ್‌ನಲ್ಲಿ ಇಲ್ಲದ ಗಾಡಿಗೆ ಕೈ ಹಾಕಲೇಬೇಡಿ.

ಇಷ್ಟು ವರ್ಷ ಇದನ್ನ ಗುಜರಿಗೆ ಹಾಕದೆ ಇಟ್ಕೊಂಡಿದ್ದಕ್ಕೆ ಕಾರಣ ರಿಪೇರಿ. ಇಂಜಿನ್‌ನಲ್ಲಿ ಸೆನ್ಸರ್ ಇಲ್ಲ, ಇಸಿಯು ಅನ್ನೋ ಕಂಪ್ಯೂಟರ್ ಡಬ್ಬಿ ಇಲ್ಲ. ಪಂಪು, ನಾಜಲ್ಲು, ಫಿಲ್ಟರ್ರು, ಅಷ್ಟೇ. ಹೈಡ್ರಾಲಿಕ್ ಎಣ್ಣೆಯ ಹೋಸ್ ಒಡೆದರೆ ಹಳೇ ತುಂಡು ಹಿಡ್ಕೊಂಡು ಇಲ್ಲಿನ ಅಂಗಡಿಗೆ ಹೋದರೆ ಸಾಕು, ಅಳತೆ ನೋಡಿ, ಎರಡೂ ಕಡೆ ಫಿಟ್ಟಿಂಗ್ ಒತ್ತಿ, ಕಾಫಿ ಕುಡಿಯೋದರೊಳಗೆ ಕೈಗೆ ಕೊಡ್ತಾರೆ. ಬೂಮ್ ಪಿನ್ನಿನ ಬುಷ್, ಅಂದ್ರೆ ಪಿನ್ನಿನ ಸುತ್ತ ಕೂರೋ ಲೋಹದ ಬಳೆ, ಸವೆದು ಸಡಿಲ ಆಗಿತ್ತು. ಹಿಂದಿನ ಬೀದಿಯ ಹಿರಿಯರೊಬ್ಬರು ಪಿನ್ನನ್ನ ಮೈಕ್ರೋಮೀಟರ್‌ನಲ್ಲಿ ಮೂರು ಕಡೆ ಅಳೆದು, "ಪಿನ್ನೂ ಅಂಡಾಕಾರ ಆಗಿದೆ, ಬರೀ ಬುಷ್ ಹಾಕಿ ಏನ್ ಮಾಡ್ತೀರಾ?" ಅಂದ್ರು. ಪಿನ್ನು ಹೊಸದು ಮಾಡಿಸಿ, ಗನ್‌ಮೆಟಲ್ ಬುಷ್‌ನ ಅದಕ್ಕೆ ಸರಿಯಾಗಿ ತಿರುಗಿಸಿ, ಗ್ರೀಸ್ ಓಡೋ ಕಾಲುವೇನೂ ಕೊರೆದುಕೊಟ್ರು. ಅವರ ಲೇತ್ ಎಚ್‌ಎಂಟಿದು. 1953ರಲ್ಲಿ ಶುರುವಾದ ಎಚ್‌ಎಂಟಿ ಇಲ್ಲೇ ಪಕ್ಕದ ಜಾಲಹಳ್ಳೀದು. ಬುಲ್ಡೋಜರ್ ಮಾಡೋ 1964ರ ಬಿಇಎಂಎಲ್ ಕೂಡ ಈ ಊರಿನ ಕಂಪನಿನೇ. ಅಂಥ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಇರೋ ತನಕ ಹಳೇ ಗಾಡಿಗೆ ಬೆಂಗಳೂರಿನಷ್ಟು ಒಳ್ಳೇ ಊರು ಇಲ್ಲ ಅಂತ ನನ್ನ ಲೆಕ್ಕ.

ಈಗ ಬೈಗುಳ. ಆಪರೇಟರ್ ಹಿಂದೆ ಕೂರ್ತಾನೆ, ಬೂಮ್ ಅವನ ಪಕ್ಕದಿಂದ ಮುಂದಕ್ಕೆ ಚಾಚಿರುತ್ತೆ. ಒಂದು ಕಡೆ ಪೂರ್ತಿ ಕುರುಡು. ತೂಗಾಡೋ ಮಾಲು ಹಿಡ್ಕೊಂಡು ಮುಂದೆ ನಡೆಯೋ ಹೆಲ್ಪರ್ ಒಂದು ಹೆಜ್ಜೆ ಆಚೆ ಇಟ್ಟರೆ ಕಾಣಲ್ಲ. ನಮ್ಮಲ್ಲಿ ಮಾಲಿಗೆ ಕೈ ಹಾಕಂಗಿಲ್ಲ, ಎರಡು ಬದಿ ಹಗ್ಗ ಕಟ್ಟಿ ದೂರದಿಂದ ಹಿಡೀಬೇಕು, ಸನ್ನೆ ಮಾಡೋನು ಒಬ್ಬನೇ. ಈ ಕಾರಣಕ್ಕೇ ಬಹಳಷ್ಟು ದೊಡ್ಡ ಸೈಟುಗಳಲ್ಲಿ ಹಳೇ ಹೈಡ್ರಾಗೆ ಗೇಟಲ್ಲೇ ತಡೆ. ಕ್ಯಾಬಿನ್ ಮುಂದಿರೋ ಹೊಸ ಮಾಡೆಲ್ ಬಂದಿವೆ, ಸೈಟ್ ಕೆಲಸ ಇದ್ದಾಗ ನಾನೂ ಅದನ್ನೇ ಬಾಡಿಗೆಗೆ ಕರೆಸ್ತೀನಿ. ಭಾರ ಮಿತಿ ದಾಟಿದರೆ ಕೂಗೋ ಇಂಡಿಕೇಟರ್ ಅದರಲ್ಲಿದೆ. ನನ್ನದರಲ್ಲಿ ಇರೋದು ಬೂಮ್ ಮೇಲೆ ನೇತಾಡೋ ಕೋನದ ಮುಳ್ಳು ಒಂದೇ. ಹೊಸದು ಕೊಳ್ಳೋಣ ಅಂದ್ರೆ 2025ರ ಜನವರಿಯಿಂದ ಕಟ್ಟಡ ಕೆಲಸದ ಯಂತ್ರಗಳಿಗೆ ಸಿಇವಿ-5 ಹೊಗೆ ನಿಯಮ. ಗಾಳಿಗೆ ಒಳ್ಳೇದೇ, ಆದರೆ ಅಂಗಳದಲ್ಲಿ ದಿನಕ್ಕೆ ನಾಲ್ಕು ಸಲ ಎತ್ತೋ ನಮ್ಮಂಥೋರಿಗೆ ಆ ಬಂಡವಾಳ ವಾಪಸ್ ಬರಲ್ಲ.

ಕಾಗದದ ಕಡೆ ಎಫ್‌ಸಿ, ವಿಮೆ ಇದ್ದದ್ದೇ. ಕಾರ್ಖಾನೆಯೊಳಗೆ ಎತ್ತೋ ಯಂತ್ರ ಅಂದಮೇಲೆ 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ತಪಾಸಣೆ ಮಾಡಿಸಿ; 1948ರ ಫ್ಯಾಕ್ಟರೀಸ್ ಕಾಯ್ದೆಯ 29ನೇ ಸೆಕ್ಷನ್ ಹೇಳ್ತಿದ್ದದ್ದೂ ಅದನ್ನೇ. ವೈರ್ ರೋಪಿಗೆ ಅದಕ್ಕೂ ಕಾಯಬೇಡಿ, ಆಗಾಗ ವರ್ನಿಯರ್ ಹಿಡಿದು ದಪ್ಪ ಅಳೀರಿ. ಸವೆತ ಶುರುವಾಗೋದು ಬೂಮ್ ತುದಿಯ ರಾಟೆ ಮೇಲೆ ಓಡೋ ಭಾಗದಲ್ಲಿ.

ಹಳೇ ಗಾಡಿ ನೋಡೋಕೆ ಹೋಗ್ತಾ ಇದ್ದರೆ ಹೊಸ ಹಳದಿ ಪೇಂಟಿಗೆ ಮರುಳಾಗಬೇಡಿ. ಮಿತಿಯೊಳಗಿನ ಭಾರ ಎತ್ತಿಸಿ, ಇಂಜಿನ್ ಆಫ್ ಮಾಡಿಸಿ, ಬೂಮ್ ಸಿಲಿಂಡರ್‌ನ ರಾಡ್ ಮೇಲೆ ಸೀಲಿನ ಅಂಚಿಗೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೀರಿ. ಹತ್ತು ನಿಮಿಷ ಬಿಟ್ಟು ನೋಡಿ. ಗೆರೆ ಒಳಗೆ ಸೇರಿದ್ದರೆ ಸೀಲ್ ಕಿಟ್ಟೋ ವಾಲ್ವೋ ಹೋಗಿದೆ; ರೇಟ್ ಇಳಿಸಿ ಮಾತಾಡಬಹುದು, ಅದು ರಿಪೇರಿ ಆಗೋ ಖಾಯಿಲೆ. ಬೂಮ್ ಪೂರ್ತಿ ಹೊರಗೆ ತೆಗೆಸಿ ಕೆಳಗಿನ ಪ್ಲೇಟಿಗೆ ಟಾರ್ಚ್ ಬಿಡಿ. ಅಲ್ಲಿ ಬಿರುಕಿಗೆ ಪಟ್ಟಿ ಇಟ್ಟು ವೆಲ್ಡ್ ಮಾಡಿದ ಗುರುತು ಕಂಡರೆ ರೇಟ್ ಕೇಳೋಕೂ ಹೋಗಬೇಡಿ.