ಮೆಟಾ ಆ್ಯಡ್ ಲೈಬ್ರರಿ: ಹೊಸ ಮತದಾರರ ಬೆನ್ನು ಹತ್ತಿದ ಹಣ ಎಷ್ಟು ಕಾಣುತ್ತದೆ?

ಹದಿನೆಂಟು ತುಂಬಿದವರ ಫೋನಿಗೆ ಚುನಾವಣೆ ಹೊತ್ತಲ್ಲಿ ಬರುವ ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರು? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮಟ್ಟಿಗೆ ಇದಕ್ಕೆ ಉತ್ತರ ಕೊಡುವ ಪುಕ್ಕಟೆ ಸಾಧನ ಮೆಟಾ ಆ್ಯಡ್ ಲೈಬ್ರರಿ. ಲಾಗಿನ್ ಕೂಡ ಬೇಡ. ಮುಂಬೈಯ ಮಾಟುಂಗ, ಸಯಾನ್, ಚೆಂಬೂರು ಕಡೆಯ ಕನ್ನಡ ಸಂಘಗಳ ಯುವ ವಿಭಾಗದವರು ಇದನ್ನು ಕಲಿಯಲೇಬೇಕು. ಆದರೆ ಪಾಲಿಕೆ ವಾರ್ಡಿನ ಮಟ್ಟಕ್ಕೆ ಇಳಿದರೆ ಇದು ಕೈಕೊಡುತ್ತದೆ.

ದೇಶದ ಜಾಗದಲ್ಲಿ ಭಾರತ, ವರ್ಗದಲ್ಲಿ ಚುನಾವಣೆ-ರಾಜಕೀಯ ಎಂದು ಆರಿಸಿ. ಈ ವರ್ಗ ಆರಿಸದೆ ಹುಡುಕಿದರೆ ಸದ್ಯ ಓಡುತ್ತಿರುವ ಜಾಹೀರಾತು ಮಾತ್ರ ಸಿಗುತ್ತದೆ. ಆರಿಸಿದರೆ ಏಳು ವರ್ಷದ ಹಿಂದಿನವರೆಗೂ ಸಿಗುತ್ತದೆ. ಅಭ್ಯರ್ಥಿಯ ಹೆಸರನ್ನು ಕನ್ನಡ, ದೇವನಾಗರಿ, ರೋಮನ್ ಮೂರೂ ಲಿಪಿಯಲ್ಲಿ ಹಾಕಿ ನೋಡಿ. ಮುಂಬೈಯಲ್ಲಿ ಒಂದೇ ಲಿಪಿಗೆ ನಿಂತರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ರೀಲ್‌ನಲ್ಲಿ ಮಾತು ಕನ್ನಡದಲ್ಲಿದ್ದು ಕೆಳಗಿನ ಬರಹ ಮರಾಠಿಯಲ್ಲಿದ್ದರೆ ಕನ್ನಡ ಪದ ಹಾಕಿ ಹುಡುಕಿ ಪ್ರಯೋಜನವಿಲ್ಲ.

ವಿವರ ತೆರೆದರೆ ಹಣ ಕೊಟ್ಟವರ ಹೆಸರು, ಖರ್ಚು, ಎಷ್ಟು ಸಲ ತೋರಿಸಲಾಗಿದೆ, ನೋಡಿದವರ ವಯಸ್ಸು ಮತ್ತು ಲಿಂಗ ತೋರಿಸುವ ಕಂಬಗಳ ಚಿತ್ರ (ಬಾರ್ ಚಾರ್ಟ್) ಬರುತ್ತವೆ. ಮೊದಲು 18-24ರ ಕಂಬ ನೋಡಿ. ಉಳಿದ ವಯಸ್ಸಿನವರ ಕಂಬಗಳು ಖಾಲಿಯಾಗಿ ಇದೊಂದೇ ಎದ್ದು ನಿಂತಿದ್ದರೆ, ಆ ಜಾಹೀರಾತು ಯುವ ಮತದಾರರಿಗೆಂದೇ ಬಿಟ್ಟದ್ದು ಎಂದು ಧೈರ್ಯವಾಗಿ ಹೇಳಬಹುದು. ಖರ್ಚಾಗಲಿ ಎಷ್ಟು ಸಲ ತೋರಿಸಿದ್ದು ಎಂಬುದಾಗಲಿ ನಿಖರ ಅಂಕಿಯಲ್ಲಿ ಇರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಎಂದಿರುತ್ತದೆ.

ಪ್ರಚಾರ ನಡೆಸುವವರ ಕೈಚಳಕ ಹೆಚ್ಚು ತಿಳಿಯುವುದು ಲೈಬ್ರರಿಯಲ್ಲಿ ಅವರ ಪೇಜಿನ ಒಳಗಿರುವ ಪ್ರೇಕ್ಷಕರ ವಿಭಾಗದಲ್ಲಿ. ತಾವೇ ಫೋನ್ ನಂಬರುಗಳಂಥ ವಿವರದ ಪಟ್ಟಿ ಏರಿಸಿ ಆ ಜನರಿಗೇ ಜಾಹೀರಾತು ತೋರಿಸುವ ಕಸ್ಟಮ್ ಆಡಿಯನ್ಸ್ ಬಳಸಿದ್ದಾರೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. ಪ್ರಕಟಿತ ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆ ನಂಬರ್ ಇರುತ್ತದೆ, ಮೊಬೈಲ್ ನಂಬರ್ ಇರುವುದಿಲ್ಲ. ಹಾಗಾಗಿ ನಂಬರನ್ನು ಬೇರೆ ಕಡೆಯಿಂದ ಕೂಡಿಹಾಕಬೇಕು: ಮಿಸ್ಡ್ ಕಾಲ್ ಅಭಿಯಾನ, ಕಾಲೇಜು ಗೇಟಿನ ಸ್ಪರ್ಧೆ, "ನಿಮ್ಮ ಹೆಸರು ನಾವು ಸೇರಿಸಿಕೊಡುತ್ತೇವೆ" ಎನ್ನುವ ಶಿಬಿರ. ಹೊಸಬರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ಫಾರಂ 6 ಅನ್ನು ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ತಾವೇ ತುಂಬಬಹುದು, ಶುಲ್ಕವಿಲ್ಲ. ಹದಿನೇಳು ದಾಟಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಈ ನಾಲ್ಕು ದಿನಗಳು ವಯಸ್ಸಿನ ಲೆಕ್ಕಕ್ಕೆ. ಯಾವ ಪಕ್ಷದ ಶಿಬಿರಕ್ಕೂ ನಂಬರ್ ಕೊಡುವ ಅಗತ್ಯವಿಲ್ಲ.

ಇನ್ನು ಕೊರತೆಗಳು. ಸ್ಥಳದ ವಿವರ ಮಹಾರಾಷ್ಟ್ರ ಎಂಬಲ್ಲಿಗೆ ನಿಲ್ಲುತ್ತದೆ. ಘಾಟ್ಕೋಪರವೋ ಗಡ್ಚಿರೋಲಿಯೋ ತಿಳಿಯದು. ಮುಂಬೈ ಪಾಲಿಕೆಯಲ್ಲಿ 227 ವಾರ್ಡುಗಳು, ಸರಾಸರಿ ಒಂದಕ್ಕೆ ಎರಡು ಚದರ ಕಿಲೋಮೀಟರ್ ಆಸುಪಾಸು. ಜಾಹೀರಾತುದಾರ ನಕ್ಷೆಯಲ್ಲಿ ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದರೂ ಮೂರು ಚದರ ಕಿಲೋಮೀಟರ್ ದಾಟುತ್ತದೆ. ಪಕ್ಕದ ವಾರ್ಡಿನವರಿಗೂ ಅದೇ ಮುಖ ಕಾಣಿಸಿ ಹಣ ಪೋಲಾಗುತ್ತದೆ. ಅದಕ್ಕೇ ನಗರಸೇವಕರಾಗಲು (ಕಾರ್ಪೊರೇಟರ್) ನಿಂತವರು ಜಾಹೀರಾತಿಗಿಂತ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗ್ರೂಪುಗಳನ್ನೇ ನೆಚ್ಚುತ್ತಾರೆ. ಒಂದು ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯಾದರೆ 256, ಅದೂ ಕಳಿಸುವವರ ನಂಬರನ್ನು ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಇದ್ಯಾವುದೂ ಲೈಬ್ರರಿಗೆ ಬರುವುದಿಲ್ಲ. ಹಣ ಪಡೆದು ರೀಲ್ ಮಾಡುವ ಇನ್‌ಫ್ಲುಯೆನ್ಸರ್‌ಗಳೂ, ಆ ರೀಲನ್ನು ಜಾಹೀರಾತಾಗಿ ಬಿಡದಿದ್ದರೆ, ಈ ಖರ್ಚಿನ ಲೆಕ್ಕದ ಹೊರಗೇ. ಹದಿನೆಂಟರವರನ್ನು ಸೆಳೆಯುವಲ್ಲಿ ಬಲ ಹೆಚ್ಚಿರುವುದು ಇವರಿಗೇ ಆದ್ದರಿಂದ ಇದು ದೊಡ್ಡ ತೂತು.

ಅಭ್ಯರ್ಥಿಯ ಹೆಸರಿಲ್ಲದ "ನಮ್ಮ ಏರಿಯಾ" ಬಗೆಯ ಪೇಜುಗಳನ್ನು ಹಿಡಿಯಲು, ಯಾವ ಪೇಜು ಎಷ್ಟು ಖರ್ಚು ಮಾಡಿತು ಎಂದು ಒಟ್ಟಾಗಿ ತೋರಿಸುವ ಲೈಬ್ರರಿ ವರದಿಯೇ ವಾಸಿ. ಅವಧಿ 90 ದಿನ, ಸ್ಥಳ ಮಹಾರಾಷ್ಟ್ರ ಎಂದಿಟ್ಟು ಫೈಲ್ ಇಳಿಸಿ ಎಕ್ಸೆಲ್‌ನಲ್ಲಿ ತೆರೆಯಿರಿ. ಪೇಜಿನ ಹೆಸರಿನ ಬದಲು ಹಣ ಕೊಟ್ಟವರ ಹೆಸರಿನ ಕಾಲಂ ಮೇಲೆ ವಿಂಗಡಿಸಿದರೆ, ಬೇರೆ ಬೇರೆ ಪೇಜುಗಳ ಹಿಂದಿರುವ ಒಂದೇ ಹೆಸರು ಸಾಲಾಗಿ ಬಂದು ನಿಲ್ಲುತ್ತದೆ.