ಮಕ್ಕಳ ತೋಟಕ್ಕೆ ಕಿಟ್ಟೋ, ನರ್ಸರಿ ಸಸಿಯೋ, ಡಬ್ಬದ ಅಲಸಂದೆಯೋ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದಿದ್ದು ಅಡುಗೆಮನೆ ಡಬ್ಬದ ಅಲಸಂದೆ. 749 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಮಕ್ಕಳ ತೋಟದ ಕಿಟ್ ಸೋತಿತು. ಗಾಡಿಯವನ ಹತ್ತಿರ ಕೊಂಡ ನರ್ಸರಿಯ ಚೆಂಡು ಹೂವಿನ ಸಸಿ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ.

ಮಗನಿಗೆ ಒಂಬತ್ತು, ಮಗಳಿಗೆ ಆರು. ಬೆಂಗಳೂರಿನ ಬಾಡಿಗೆ ಮನೆ, ಟೆರೇಸಿನಲ್ಲಿ ನಮಗೆ ಅಂತ ಒಂದು ಮೂಲೆ. ಜೂನ್‌ನಲ್ಲಿ ಮಳೆ ಹಿಡಿದಾಗ ಶುರು ಮಾಡಿದೆವು.

ಕಿಟ್ ನೋಡೋಕೆ ಬಹಳ ಚೆನ್ನಾಗಿತ್ತು. ಪುಟ್ಟ ಕುಂಡಗಳು, ಪುಟ್ಟ ಸಲಿಕೆ, ಚೆರ್ರಿ ಟೊಮೆಟೊ, ಬೇಸಿಲ್, ಲೆಟ್ಯೂಸ್ ಬೀಜ, ಬಿಸ್ಕೆಟ್ಟಿನಂಥ ಕೊಕೊಪೀಟ್ ಬಿಲ್ಲೆಗಳು. ಬಿಲ್ಲೆಗೆ ಬೆಚ್ಚನೆ ನೀರು ಹಾಕಿದರೆ ಪೂರಿಯ ಹಾಗೆ ಉಬ್ಬುತ್ತದೆ. ಮಕ್ಕಳು ಕುಣಿದಾಡಿದರು. ಕೊಟ್ಟ ದುಡ್ಡೆಲ್ಲ ಆ ಹತ್ತು ನಿಮಿಷಕ್ಕೇ ಅಂತ ಈಗ ಅನಿಸುತ್ತದೆ.

ತೊಂದರೆ ಇದ್ದಿದ್ದು ಆ ಕೊಕೊಪೀಟಿನಲ್ಲೇ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಅದು. ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಆದರೆ ಮೇಲಿನ ಪದರ ಅರ್ಧ ದಿನದಲ್ಲಿ ಒಣಗಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಒಳಗೆ ಮಾತ್ರ ಒದ್ದೆ ಒದ್ದೆ. ಇದು ದೊಡ್ಡವರಿಗೇ ಗೊತ್ತಾಗಲ್ಲ, ಇನ್ನು ಮಗುವಿಗೆ ಹೇಗೆ ಗೊತ್ತಾಗಬೇಕು? ಮಗ ಶಾಲೆಗೆ ಹೋಗುವ ಮುಂಚೆ ಒಂದು ಲೋಟ ಹಾಕುತ್ತಿದ್ದ. ಮಗಳು ಬಂದ ಮೇಲೆ ಇನ್ನೊಂದು. ನಾನೂ ರಾತ್ರಿ ನೋಡಿ, ಅಯ್ಯೋ ಒಣಗಿದೆ ಅಂತ ಸ್ವಲ್ಪ ಚಿಮುಕಿಸುತ್ತಿದ್ದೆ. ಮೂರು ಜನ ಸೇರಿ ಮುಳುಗಿಸಿದೆವು.

ಟೊಮೆಟೊ ಆರನೇ ದಿನ ಮೊಳೆಯಿತು. ಹತ್ತನೇ ದಿನ ಬೆಳಗ್ಗೆ ನೋಡಿದರೆ ಎಲ್ಲ ಸಸಿಯೂ ಅಡ್ಡ ಮಲಗಿವೆ. ಕಾಂಡ ಬುಡದ ಹತ್ತಿರ ನೂಲಿನಷ್ಟು ಸಣ್ಣಗಾಗಿ ಕೊಳೆತಿತ್ತು. ಎಳೆ ಸಸಿಗೆ ನೀರು ಜಾಸ್ತಿಯಾದರೆ ಬರುವ ಬೂಷ್ಟು ರೋಗ ಇದು. ಮಗಳು ಮಾತ್ರ ‘ಮಲಗಿದೆ ಅಮ್ಮ, ಏಳತ್ತೆ’ ಅಂತ ಎರಡು ದಿನ ಕಾದಳು. ಅದನ್ನು ನೋಡೋಕೆ ಆಗಲಿಲ್ಲ ನನಗೆ.

ಉಳಿದ ಬಿಲ್ಲೆಗಳಲ್ಲಿ ಮತ್ತೆ ಬಿತ್ತಿದೆ. ಈ ಸಲ ಮಳೆ ಬೀಳದ ಹಾಗೆ ಕಿಟಕಿ ಪಕ್ಕ ಇಟ್ಟು, ನೀರಿನ ಉಸ್ತುವಾರಿ ನಾನೇ ವಹಿಸಿಕೊಂಡೆ. ಮೋಡದ ದಿನಗಳು, ಬಿಸಿಲಿಲ್ಲ. ಸಸಿಗಳು ಬೆಳಕು ಹುಡುಕಿಕೊಂಡು ಕೊಕ್ಕರೆ ಕತ್ತಿನಂತೆ ಉದ್ದವಾದವು. ಕೊಕೊಪೀಟಿನಲ್ಲಿ ಗಿಡಕ್ಕೆ ಊಟ ಅಂತ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಎರಡು ಎಲೆ ಬಿಟ್ಟ ಮೇಲೆ ಹಳದಿಗೆ ತಿರುಗಿದವು. ಜೊತೆಗಿದ್ದ ಚೀಟಿಯಲ್ಲಿ ‘ಬಿಸಿಲಲ್ಲಿಡಿ’ ಅಂತಿತ್ತು. ಯಾವ ತಿಂಗಳಲ್ಲಿ ಬಿತ್ತಬೇಕು ಅಂತ ಒಂದು ಸಾಲೂ ಇರಲಿಲ್ಲ.

ನರ್ಸರಿ ಸಸಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 30 ರೂಪಾಯಿ, ಹೂವಿನ ಸಮೇತ ಬಂತು, ಚೆನ್ನಾಗಿದೆ. ಮಕ್ಕಳು ನೆಟ್ಟರು, ಮರೆತರು. ಮೆಣಸಿನಕಾಯಿಗಾದರೆ ನಾನು ಈಗಲೂ ಸಸಿಯನ್ನೇ ತರುತ್ತೇನೆ, ಬೀಜದಿಂದ ಕಾಯುವಷ್ಟು ತಾಳ್ಮೆ ನನಗೇ ಇಲ್ಲ.

ಅಲಸಂದೆ ಐಡಿಯಾ ನಮ್ಮತ್ತೆಯದು. ‘ಅದಕ್ಯಾಕೆ ದುಡ್ಡು ಕೊಟ್ಟೆ, ಡಬ್ಬದಲ್ಲಿ ಕಾಳಿಲ್ವಾ?’ ಅಂದರು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಮಿಕ್ಕ ಕೊಕೊಪೀಟ್ ಸ್ವಲ್ಪ ಸೇರಿಸಿ ಹನ್ನೆರಡು ಇಂಚಿನ ಗ್ರೋ ಬ್ಯಾಗ್‌ಗಳಿಗೆ ತುಂಬಿದೆವು. ಮಣ್ಣು ಒಣಗಿದರೆ ಬಣ್ಣವೇ ಹೇಳುತ್ತದೆ. ಅನುಮಾನ ಬಂದರೆ ಬೆರಳು ಚುಚ್ಚಿ ನೋಡುವುದು. ಅಂಟಿದರೆ ನೀರು ಬೇಡ. ಇದನ್ನು ಆರು ವರ್ಷದವಳು ಒಂದೇ ದಿನಕ್ಕೆ ಕಲಿತಳು.

ರಾತ್ರಿ ನೆನೆಸಿದ ಕಾಳು ಬಿತ್ತಿದ ನಾಲ್ಕನೇ ದಿನಕ್ಕೆ ಕತ್ತು ಬಗ್ಗಿಸಿಕೊಂಡು ಮಣ್ಣೊಡೆದು ಬಂತು. ಮಗ ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಹಾಕಿ ದಿನಾ ಎತ್ತರ ಅಳೆದ. (ಓನರ್ ಇನ್ನೂ ನೋಡಿಲ್ಲ.) ಪಕ್ಕದ ಬ್ಯಾಗ್‌ನಲ್ಲಿ ಅರ್ಕಾ ಅನಾಮಿಕ ಬೆಂಡೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಹಳದಿ ನರದ ನಂಜುರೋಗ ತಡೆದುಕೊಳ್ಳಲಿ ಅಂತ ಬೆಳೆಸಿದ್ದು. ಒಂದೂವರೆ ತಿಂಗಳಿಗೆ ಹೂ ಬಿಟ್ಟಿತು. ಬೆಳಗ್ಗೆ ಅರಳಿದ ಹೂವು ಸಂಜೆಗೆ ಮುದುಡುವುದನ್ನು ನೋಡೋಕೆ ಶಾಲೆಯಿಂದ ಓಡಿ ಬರುತ್ತಿದ್ದರು.

ಅಲಸಂದೆ ಕುಡಿಗೆ ಕಪ್ಪು ಹೇನು ಮುತ್ತಿದಾಗ ನಾನು ಸಿಂಪಡಿಸೋಕೆ ಬೇವಿನೆಣ್ಣೆ ಕಲೆಸಿದೆ. ಮಕ್ಕಳು ಬಿಡಲಿಲ್ಲ. ಇರುವೆಗಳು ಹೇನಿನ ಸಿಹಿ ರಸ ಕುಡಿಯೋಕೆ ಸಾಲುಗಟ್ಟಿದ್ದವು, ಅದನ್ನು ನೋಡಬೇಕಂತೆ. ವಾರ ಬಿಟ್ಟು ಗುಲಗಂಜಿ ಹುಳುಗಳು ಬಂದು ಹೇನುಗಳನ್ನು ತಿನ್ನತೊಡಗಿದವು. ಎರಡು ಕುಡಿ ಹಾಳಾಯಿತು, ಹಾಗಾದರೂ ಎಣ್ಣೆ ಸಿಂಪಡಿಸದೆ ಬಿಟ್ಟಿದ್ದು ಒಳ್ಳೆಯದೇ ಆಯಿತು.

ಕಷ್ಟ ಇಲ್ಲ ಅಂತಲ್ಲ. ಮಣ್ಣಿನ ಮೂಟೆಯನ್ನು ಮೂರನೇ ಮಹಡಿಗೆ ಹೊತ್ತಿದ್ದು ನನ್ನ ಸೊಂಟಕ್ಕೆ ಗೊತ್ತು. ಬ್ಯಾಗ್ ಅಡಿಯಿಂದ ಕೆಂಪು ನೀರು ಸೋರಿ ಟೆರೇಸಲ್ಲಿ ಕಲೆಯಾಗುತ್ತದೆ. ಬ್ಯಾಗು, ಮಣ್ಣು, ಗೊಬ್ಬರ, ಬೆಂಡೆ ಬೀಜ ಎಲ್ಲ ಸೇರಿ ನನಗೆ 480 ರೂಪಾಯಿ ಆಯಿತು, ಮುಂದಿನ ಬೆಳೆಗೂ ಅದೇ ಮಣ್ಣು ನಡೆಯುತ್ತದೆ. ಊರ ಅವರೆ ಮಾತ್ರ ಜೂನ್‌ನಲ್ಲಿ ಹಾಕಬೇಡಿ. ಹಗಲು ಚಿಕ್ಕದಾಗುವವರೆಗೆ ಅದು ಹೂ ಬಿಡಲ್ಲ, ಅಷ್ಟರಲ್ಲಿ ಮಕ್ಕಳ ಉತ್ಸಾಹ ಇಳಿದಿರುತ್ತದೆ. ಮೆಂತ್ಯವನ್ನೂ ಜೋರು ಮಳೆ ಕಳೆದ ಮೇಲೆ ಹಾಕುವುದು ವಾಸಿ.

ಬರೀ ಬಾಲ್ಕನಿ ಇದೆ, ಮಣ್ಣು ಹೊರೋಕೆ ಆಗಲ್ಲ ಅನ್ನುವವರು ಕಿಟ್ ತಗೊಳ್ಳಿ, ಆದರೆ ನೀರಿನ ಲೋಟ ಮಕ್ಕಳ ಕೈಗೆ ಕೊಡಬೇಡಿ. ಮೊನ್ನೆ ತಂಗಿ ಫೋನ್ ಮಾಡಿ, ಮಗಳ ಹುಟ್ಟುಹಬ್ಬಕ್ಕೆ ಅಂಥದ್ದೇ ಕಿಟ್ ಕೊಡಿಸ್ತೀನಿ ಅಂದಳು. ಒಂದು ಹಿಡಿ ಅಲಸಂದೆ ಕಾಳು ಕಟ್ಟಿ ಕಳಿಸಿದ್ದೇನೆ.